ಭಾನುವಾರದ ಪ್ರಶ್ನೋತ್ತರ: ಕಾರಿನ ಸ್ಟೀರಿಯೋ ವೈರಿಂಗ್

ಎಲೆಕ್ಟ್ರಿಷಿಯನ್: ಇವತ್ತು ಅಂಗಡಿ ರಜೆ. ಹಳೇ ಸ್ಟೀರಿಯೋ ತೆಗೆದು ಹೊಸದು ಹಾಕುವವರು, ಹಾಕಿಸಿ ಪಜೀತಿಪಡುತ್ತಿರುವವರು ಕೇಳಿ. ಕಾರು ಯಾವುದು ಅಂತ ಬರೆಯಿರಿ.

ಹಳೇ ಆಲ್ಟೋ: ನಮಸ್ಕಾರ ಸಾರ್. ಹೊಸ ಸೆಟ್‌ನಲ್ಲಿ ಹಳದಿ ವೈರೂ ಇದೆ, ಕೆಂಪೂ ಇದೆ. ಎರಡೂ ಪ್ಲಸ್ ಅಲ್ವಾ?

ಎಲೆಕ್ಟ್ರಿಷಿಯನ್: ಎರಡೂ 12 ವೋಲ್ಟೇ, ಕೆಲಸ ಬೇರೆ. ಹಳದಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರುತ್ತಿರಬೇಕು. ಗಡಿಯಾರ, ಸ್ಟೇಷನ್ ನೆನಪಿಗೆ ಅದೇ ಬೇಕು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥಿಂಗ್. ಇದು ಸೆಟ್ ಕಡೆಯ ಬಣ್ಣ. ಕಾರಿನ ಕಡೆ ಬಣ್ಣ ನಂಬಬೇಡಿ, ಮಲ್ಟಿಮೀಟರ್ ಇಟ್ಟು ನೋಡಿ.

ಬಿಳಿ ಸ್ವಿಫ್ಟ್: ಕೀ ತೆಗೆದ ಕೂಡಲೇ ನನ್ನ ಸೆಟ್‌ನ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತವೆ ಸಾರ್.

ಎಲೆಕ್ಟ್ರಿಷಿಯನ್: ಹಳದಿ ಕೆಂಪು ಅದಲುಬದಲಾಗಿರಬೇಕು. ಮೇಲೆ ಓದಿ.

ಅಪ್ಪನ ವ್ಯಾಗನ್ ಆರ್: ಅಣ್ಣಾ, ಹೋದ ತಿಂಗಳು ಒಂದು ಅಂಗಡಿಯಲ್ಲಿ ಆಂಡ್ರಾಯ್ಡ್ ಸೆಟ್ ಹಾಕಿಸಿದೆ. ಶನಿವಾರ ನಿಲ್ಲಿಸಿದರೆ ಮಂಗಳವಾರ ಸ್ಟಾರ್ಟ್ ಆಗುವುದಿಲ್ಲ. 35 ಎಎಚ್ (ಆಂಪಿಯರ್ ಅವರ್) ಬ್ಯಾಟರಿ, ಹೊಸದು. ಕೀ ಇಲ್ಲದೆಯೂ ಹಾಡು ಬರುತ್ತದೆ. ಅದು ಫೆಸಿಲಿಟಿ ಅಂದರು ಅಂಗಡಿಯವರು.

ಎಲೆಕ್ಟ್ರಿಷಿಯನ್: ಕೀ ತೆಗೆದ ಮೇಲೂ ಸಾಕೆಟ್‌ನಲ್ಲಿ ಮೊಬೈಲ್ ಚಾರ್ಜ್ ಆಗುತ್ತಾ?

ಅಪ್ಪನ ವ್ಯಾಗನ್ ಆರ್: ಹೌದು! ಮೊದಲು ಆಗುತ್ತಿರಲಿಲ್ಲ.

ಎಲೆಕ್ಟ್ರಿಷಿಯನ್: ಅದನ್ನೇ ನಾನು ಹೆದರಿದ್ದು. ಸೆಟ್‌ನ ಹಳದಿ ಕೆಂಪು ಎರಡನ್ನೂ ಬ್ಯಾಟರಿ ಲೈನಿಗೆ ಕೊಟ್ಟಿದ್ದರೆ ಸೆಟ್ ಮಾತ್ರ ಎಚ್ಚರ ಇರುತ್ತಿತ್ತು. ನಿಮ್ಮವರು ಕಾರಿನ ಎರಡು ವೈರನ್ನೂ ಸೇರಿಸಿ ಒಟ್ಟಿಗೆ ತಿರುಚಿದಂತಿದೆ. ಹಾಗಾದರೆ ಬ್ಯಾಟರಿ ಕರೆಂಟು ಕೀ ದಾಟಿ ಹಿಂದಿನಿಂದ ನುಗ್ಗುತ್ತದೆ. ಕೀ ಲೈನಿನಲ್ಲಿ ಏನೇನಿದೆಯೋ ಎಲ್ಲ ರಾತ್ರಿಯಿಡೀ ಜೀವಂತ. ಬರೀ ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಎಎಚ್ ಹೋಯಿತು. ಮೂರು ದಿನಕ್ಕೆ 36. ನಿಮ್ಮ ಬ್ಯಾಟರಿಯಲ್ಲಿ ಇರುವುದೇ 35. ಲೆಕ್ಕ ಸರಿಹೋಯಿತಾ?

ಹೀಗೆ ನೋಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಬಿಚ್ಚಿದ ವೈರಿಗೂ ಬ್ಯಾಟರಿಗೂ ನಡುವೆ ಮೀಟರ್ ಹಾಕಿ. ಕೆಂಪು ಪಿನ್ 10 ಆಂಪಿಯರ್ ತೂತಿನಲ್ಲಿರಲಿ. ಬಾಗಿಲು ಹಾಕಿ ಅರ್ಧ ಗಂಟೆ ಬಿಡಿ. ಮೀಟರ್ ಇದ್ದಾಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಹೋಗುತ್ತದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಸ್ಟೀರಿಯೋ ಫ್ಯೂಸ್ ಕೀಳಿ. ಇಳಿದರೆ ಕಳ್ಳ ಸಿಕ್ಕ.

ಕ್ರೆಟಾ ಮಾಲೀಕ: ನನ್ನ ಸ್ಟೀರಿಂಗ್ ಬಟನ್ ಹೊಸ ಸೆಟ್‌ಗೆ ಕೆಲಸ ಮಾಡುತ್ತವಾ?

ಶುಭೋದಯ: *ಉಪಯುಕ್ತ ಮಾಹಿತಿ, ಎಲ್ಲರಿಗೂ ಕಳಿಸಿ* ಫ್ಯೂಸ್ ಪದೇ ಪದೇ ಹೋದರೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ. ಸ್ಪೀಕರ್ ಮೈನಸ್‌ಗಳನ್ನೆಲ್ಲ ಸೇರಿಸಿ ಬಾಡಿಗೆ ಕೊಟ್ಟರೆ ಬೇಸ್ ಹೆಚ್ಚುತ್ತದೆ.

ಹಳೇ ಆಲ್ಟೋ: ತಿಂಗಳಿಗೆ ಎಷ್ಟು ಬಾಡಿಗೆ? 😀

ಎಲೆಕ್ಟ್ರಿಷಿಯನ್: ನಗುವ ವಿಷಯ ಅಲ್ಲ. ಫ್ಯೂಸ್ ಇರುವುದೇ ತಾನು ಸುಟ್ಟುಕೊಂಡು ವೈರ್ ಉಳಿಸಲು. ಬೆಳ್ಳಿ ಕಾಗದ ಸುತ್ತಿದರೆ ಡ್ಯಾಶ್‌ಬೋರ್ಡ್ ಹಿಂದೆ ವೈರ್ ಹೊತ್ತಿಕೊಳ್ಳುತ್ತದೆ. ಸ್ಪೀಕರ್‌ನ ಎರಡೂ ವೈರ್ ಸೆಟ್‌ಗೇ ವಾಪಸ್ ಹೋಗಬೇಕು. ಮೈನಸ್ ಬಾಡಿಗೆ ತಾಗಿದರೆ ಸೆಟ್ ಒಳಗಿನ ಐಸಿ ಚಿಪ್ ಖಲಾಸ್. ಇದನ್ನು ಡಿಲೀಟ್ ಮಾಡಿ.

ಶುಭೋದಯ: ನಮ್ಮ ಮಾವ ಹತ್ತು ವರ್ಷದಿಂದ ಹಾಗೇ ಓಡಿಸುತ್ತಿದ್ದಾರೆ.

ಎಲೆಕ್ಟ್ರಿಷಿಯನ್: ಅವರ ಪಕ್ಕ ಕಾರು ನಿಲ್ಲಿಸಬೇಡಿ.

ಸೌಂಡ್ ಪ್ರಿಯ: ವೈರ್ ತಿರುಚಿ ಟೇಪ್ ಸುತ್ತಿದರೆ ಸಾಕಲ್ವಾ? ಸುಮ್ನೆ ಖರ್ಚು.

ಬಿಳಿ ಸ್ವಿಫ್ಟ್: ಬೇಸಿಗೆಯಲ್ಲಿ ಟೇಪಿನ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿಸಿ.

ಸೌಂಡ್ ಪ್ರಿಯ: ಬೆಸುಗೆ ಹಾಕಿದ ಜಾಗ ಕುಲುಕಾಟಕ್ಕೆ ಮುರಿಯುತ್ತದೆ. ಗೊತ್ತಿಲ್ಲದೆ ಹೇಳಬೇಡಿ.

ಬಿಳಿ ಸ್ವಿಫ್ಟ್: ಟೇಪ್ ಸುತ್ತುವವರು ನನಗೆ ಪಾಠ ಹೇಳಬೇಕಾ?

ಎಲೆಕ್ಟ್ರಿಷಿಯನ್: ಇಬ್ಬರೂ ಬಿಡಿ. ನಿಮ್ಮ ಕಾರಿನ ಸ್ಟೀರಿಯೋ ಸಾಕೆಟ್‌ಗೆ ಕೂರುವ ಕಪ್ಲರ್ ಅಂಗಡಿಯಲ್ಲಿ ಸಿಗುತ್ತದೆ. ಅದು ಹಾಕಿದರೆ ಕಾರಿನ ಒಂದು ವೈರೂ ಕತ್ತರಿಸಬೇಕಿಲ್ಲ.

ಹೊಸ ಸದಸ್ಯ: ಸಾರ್, ಹಳದಿ ವೈರ್ ಯಾವುದಕ್ಕೆ ಕೊಡಬೇಕು?

ಎಲೆಕ್ಟ್ರಿಷಿಯನ್: ಮೇಲೆ ಇದೆ.

ಕ್ರೆಟಾ ಮಾಲೀಕ: ಸ್ಟೀರಿಂಗ್ ಬಟನ್??

ಸೌಂಡ್ ಪ್ರಿಯ: ಕಪ್ಲರ್ ಹಾಕಿಸಿದರೆ ಅಂಗಡಿಯವರಿಗೆ ಲಾಭ, ಅದಕ್ಕೇ ಹೇಳ್ತಾರೆ.

ಎಲೆಕ್ಟ್ರಿಷಿಯನ್: ಸರಿ, ತಿರುಚಿಕೊಳ್ಳಿ. ನಾಳೆ ಗಾಡಿ ತಳ್ಳಿಕೊಂಡು ನನ್ನ ಹತ್ತಿರ ಬರಬೇಡಿ.

ಅಪ್ಪನ ವ್ಯಾಗನ್ ಆರ್: ಅಣ್ಣಾ, ಮೀಟರ್ 620 ಮಿಲಿ ತೋರಿಸಿತು. ಸೆಟ್ ಹೊರಗೆಳೆದೆ. ನೀವು ಹೇಳಿದ ಹಾಗೇ ನಾಲ್ಕು ವೈರ್ ಒಂದೇ ಗಂಟು! ಬಿಡಿಸಿ ಬೇರೆ ಬೇರೆ ಕೊಟ್ಟೆ. ಈಗ 140. ಇನ್ನೂ ಜಾಸ್ತಿ ಅಲ್ವಾ? ರಿವರ್ಸ್ ಕ್ಯಾಮೆರಾ ವೈರೂ ಹಳದಿಗೇ ಸೇರಿದೆ.

ಎಲೆಕ್ಟ್ರಿಷಿಯನ್: ಅದನ್ನು ಬಿಚ್ಚಿ, ತುದಿಗೆ ಟೇಪ್ ಹಾಕಿ, ಇನ್ನೊಮ್ಮೆ ಅಳೆಯಿರಿ. ಕ್ಯಾಮೆರಾಗೆ ರಿವರ್ಸ್ ದೀಪದ ಲೈನಿಂದ ಕೊಡಬೇಕು. ಫೋಟೋ ನನಗೆ ನೇರ ಕಳಿಸಿ, ಇಲ್ಲಿ ಬೇಡ.