ಗಾಲಿ ಸಮೇತ ಶಾಫ್ಟ್ ಕಟ್ಟಾಯಿತು, ಯಾವ ಹಿಂದಿನ ಎಕ್ಸಲ್ ಹಾಕಿಸಲಿ?

ಪ್ರಶ್ನೆ, ಕುಂದಗೋಳದಿಂದ

ಮಿಸ್ತ್ರಿ ಅಣ್ಣಾರಿಗೆ ನಮಸ್ಕಾರ. ನನ್ನ ಹತ್ತಿರ ಹಳೆ ಸಿಜೆ3ಬಿ ಮಾದರಿಯ ಡೀಸೆಲ್ ಜೀಪ್ ಇದೆ. ವಾರವಿಡೀ ಹೊಲಕ್ಕೆ, ಭಾನುವಾರ ಕಲಘಟಗಿ ಕಡೆ ಗೆಳೆಯನ ಜಮೀನಿನಲ್ಲಿ ಆಫ್‌ರೋಡ್. ಹೋದ ವಾರ ಮಳೆಯಾದ ಮರುದಿನ ಚಕ್ಕಡಿ ದಾರಿಯಲ್ಲಿ ಬರುತ್ತಿದ್ದೆ. ಫಸ್ಟ್ ಗೇರ್, ನಡಿಗೆಯ ವೇಗ. ಟಕ್ ಅಂತ ಸದ್ದು ಬಂತು, ಹಿಂದಿನ ಎಡ ಗಾಲಿ ಡ್ರಮ್ ಸಮೇತ ಹೊರಗೆ ಜಾರಿ ರಾಡಿಯಲ್ಲಿ ಮಲಗಿತು, ಜೀಪು ಅಲ್ಲೇ ಕುಕ್ಕರಿಸಿತು. ಟ್ರ್ಯಾಕ್ಟರ್ ತರಿಸಿ ಮನೆಗೆ ಎಳೆಸಿದೆ.

ಈಗ 31 ಇಂಚಿನ ಟೈರ್ ಇದೆ, ಮುಂದೆ 33 ಹಾಕಿ ಲಾಕರ್ (ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಕಟ್ಟಿಹಾಕುವ ಸಾಧನ) ಕೂಡ ಹಾಕಿಸುವ ಆಸೆ. ಒಬ್ಬರು ಅಮೆರಿಕದ ದೊಡ್ಡ ಎಕ್ಸಲ್ ಡಾನಾ 60 ತರಿಸು, ಜೀವನದಲ್ಲಿ ಮುರಿಯಲ್ಲ ಅಂದರು. ಇನ್ನೊಬ್ಬರು ಗುಜರಿಯಿಂದ ಬೊಲೆರೊ ಎಕ್ಸಲ್ ತಂದು ಕೂರಿಸು ಅಂದರು. ಯಾವುದು ಗಟ್ಟಿ, ಒಂದೇ ಮಾತಲ್ಲಿ ಹೇಳಿಬಿಡಿ.

ಉತ್ತರ, ಹುಬ್ಬಳ್ಳಿ ಗೋಕುಲ ರೋಡ್ ಮಿಸ್ತ್ರಿ

ಒಂದೇ ಮಾತಲ್ಲಿ ಆಗುವುದಿಲ್ಲ ತಮ್ಮಾ. ಮೊದಲು ಮುರಿದ ತುಂಡಿನ ಫೋಟೋ ಹಾಕಿ. ಮುರಿದ ಮುಖ ಹತ್ತಿರದಿಂದ ಕಾಣಬೇಕು, ಮಣ್ಣು ಒರೆಸಿ ತೆಗೆಯಿರಿ.

ಕುಂದಗೋಳ

ಹಾಕಿದ್ದೇನೆ ನೋಡಿ. ಗಾಲಿಯ ಹಬ್ ಕೂರುವ ಟೇಪರ್ (ತುದಿಗೆ ಹೋದಂತೆ ಸಣ್ಣದಾಗುವ) ಜಾಗದಲ್ಲೇ ಮುರಿದಿದೆ, ಕೀ ಅನ್ನುವ ಸಣ್ಣ ಕಬ್ಬಿಣದ ತುಂಡು ಕೂರುವ ತೋಡಿನ ಪಕ್ಕ. ಮುಕ್ಕಾಲು ಭಾಗ ನುಣುಪಾಗಿ ಕಪ್ಪಗಿದೆ, ಉಗುರಿನ ಹಾಗೆ ಸಾಲು ಸಾಲು ಗೆರೆ. ಉಳಿದ ಕಾಲು ಭಾಗ ಬೆಳ್ಳಗೆ, ಸಕ್ಕರೆ ಮುರಿದ ಹಾಗೆ ಕಾಳು ಕಾಳು.

ಮಿಸ್ತ್ರಿ

ಇದೇ ನನಗೆ ಬೇಕಾಗಿತ್ತು. ನಿಮ್ಮ ಶಾಫ್ಟ್ ಹೋದ ವಾರ ಮುರಿದದ್ದಲ್ಲ. ತಿಂಗಳುಗಟ್ಟಲೆ ಮುರಿಯುತ್ತಲೇ ಇತ್ತು, ಹೋದ ವಾರ ಕೈಬಿಟ್ಟಿತು ಅಷ್ಟೆ. ನುಣುಪು ಕಪ್ಪು ಭಾಗ ಹಳೆ ಬಿರುಕು, ಆ ಗೆರೆಗಳು ಬಿರುಕು ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋದ ಗುರುತು. ಬೆಳ್ಳಗಿರುವ ಕಾಲು ಭಾಗವೊಂದೇ ಅವತ್ತು ಮುರಿದದ್ದು. ಶಕ್ತಿ ಜಾಸ್ತಿಯಾಗಿ ತಿರುಚಿ ಮುರಿದಿದ್ದರೆ ಒಳಗಿನ ತುದಿಯ ಸ್ಪ್ಲೈನ್ ಹಲ್ಲುಗಳು ಹುರಿ ಹಗ್ಗದ ಹಾಗೆ ಓರೆಯಾಗಿರುತ್ತಿದ್ದವು. ನಿಮ್ಮದರಲ್ಲಿ ನೆಟ್ಟಗೇ ಇವೆ.

ಟೇಪರ್ ಶಾಫ್ಟಿನಲ್ಲಿ ಹಬ್ಬನ್ನು ಹಿಡಿಯುವುದು ಕೀ ಅಲ್ಲ, ಟೇಪರಿನ ಬಿಗಿತ. ತುದಿಯ ನಟ್ ಸ್ವಲ್ಪ ಸಡಿಲ ಇದ್ದರೂ ಹಬ್ ಒಳಗೊಳಗೇ ಅಲ್ಲಾಡುತ್ತದೆ, ಎಲ್ಲ ಏಟೂ ಕೀ ಮೇಲೆ ಬೀಳುತ್ತದೆ, ಕೀ ತೋಡಿನ ಚೂಪು ಮೂಲೆಯಿಂದ ಬಿರುಕು ಶುರು. ಬ್ರೇಕ್ ಲೈನರ್ ಹಾಕಿದವರು ಯಾರೋ ನಟ್ಟನ್ನು ಸುಮ್ನೆ ಪಾನಾದಿಂದ ಬಿಗಿದು ಕಾಟರ್ ಪಿನ್ ರಂಧ್ರ ಸೇರಲಿಲ್ಲ ಅಂತ ಅರ್ಧ ಸುತ್ತು ಹಿಂದಕ್ಕೆ ಬಿಟ್ಟಿರುತ್ತಾರೆ. ರಂಧ್ರ ಸೇರದಿದ್ದರೆ ಇನ್ನೂ ಬಿಗಿಯಬೇಕು, ಬಿಡಬಾರದು.

ಅದಕ್ಕೇ ಎಕ್ಸಲ್ ಹೆಸರು ಕೇಳುವ ಮೊದಲು ಏನು ಮುರಿಯಿತು, ಯಾಕೆ ಮುರಿಯಿತು ಅಂತ ನೋಡಬೇಕು. ಡಾನಾ 60 ತಂದು ನಟ್ ಸಡಿಲ ಬಿಟ್ಟರೆ ಅದೂ ಬಾಳುವುದಿಲ್ಲ.

ಹಾವೇರಿಯಿಂದ

ನನ್ನದು ಜಿಪ್ಸಿ. ಸೆಮಿ ಫ್ಲೋಟಿಂಗ್, ಫುಲ್ ಫ್ಲೋಟಿಂಗ್ ಅಂತಾರಲ್ಲ, ಅದೇನು ಅಂತ ನಮ್ಮಂಥವರಿಗೆ ತಿಳಿಯುವ ಹಾಗೆ ಹೇಳಿ ಸರ್.

ಮಿಸ್ತ್ರಿ

ಬೈಪಾಸಿನಲ್ಲಿ ನಿಂತಿರುವ ಲಾರಿಯ ಹಿಂದಿನ ಗಾಲಿ ನೋಡಿ. ನಡುವೆ ಟೊಪ್ಪಿಗೆಯ ಹಾಗೆ ಹೊರಗೆ ಚಾಚಿದ ಹಬ್, ಅದರ ಮುಖದಲ್ಲಿ ಸುತ್ತ ಬೋಲ್ಟ್. ಅದು ಫುಲ್ ಫ್ಲೋಟಿಂಗ್. ಗಾಡಿಯ ಭಾರವನ್ನು ಹೌಸಿಂಗ್ (ಶಾಫ್ಟಿನ ಹೊರಗಿನ ಕೊಳವೆ) ತುದಿಯ ಎರಡು ಬೇರಿಂಗ್ ಹೊರುತ್ತವೆ, ಶಾಫ್ಟಿನ ಕೆಲಸ ತಿರುಗಿಸುವುದು ಮಾತ್ರ. ಶಾಫ್ಟ್ ಮುರಿದರೂ ಗಾಲಿ ಬೀಳುವುದಿಲ್ಲ, ಜಾಕ್ ಹಚ್ಚದೆ ಬೋಲ್ಟ್ ಬಿಚ್ಚಿ ಶಾಫ್ಟ್ ಎಳೆಯಬಹುದು. ಸೆಮಿ ಫ್ಲೋಟಿಂಗಿನಲ್ಲಿ ಭಾರವನ್ನೂ ತಿರುಗಣೆಯನ್ನೂ ಒಂದೇ ಶಾಫ್ಟ್ ಹೊರುತ್ತದೆ. ಕುಂದಗೋಳದವರ ಗಾಲಿ ಮಲಗಿದ್ದು ಅದಕ್ಕೇ. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿಗೆ ಹಿಂದೆ ಫುಲ್ ಫ್ಲೋಟಿಂಗ್ ಇತ್ತು, ಆಮೇಲೆ ನಾಗರಿಕರ ಜೀಪಿಗೆ ಸೆಮಿ ಬಂತು.

ಹಾಗಂತ ಸೆಮಿ ಕೆಟ್ಟದ್ದಲ್ಲ. ನಿಮ್ಮ ಜಿಪ್ಸಿಯ ಭಾರಕ್ಕೆ ಅದು ಸಾಕು.

ಕುಂದಗೋಳ

ಸರಿ, ತಪ್ಪು ನಟ್ಟಿನದು ಒಪ್ಪಿದೆ. ಆದರೆ 33 ಟೈರ್ ಮತ್ತು ಲಾಕರ್ ಹಾಕಿದ ಮೇಲೆ ಈ ಎಕ್ಸಲ್ ತಾಳುತ್ತದಾ? ಇಂಜಿನ್ ಅಂತೂ ಸಣ್ಣದು, ಅಲ್ವಾ?

ಮಿಸ್ತ್ರಿ

ಎಲ್ಲರೂ ಇಂಜಿನ್ ನೋಡುತ್ತಾರೆ. ಒಂದು ಲೆಕ್ಕ ಮಾಡೋಣ, ಅಂಕಿ ಸುಲಭಕ್ಕೆ ತಗೊಂಡಿದ್ದೇನೆ. ಇಂಜಿನ್ನಿನ ತಿರುಚುವ ಬಲ 120 ನ್ಯೂಟನ್ ಮೀಟರ್, ಫಸ್ಟ್ ಗೇರ್ 4 ಪಟ್ಟು, ಫೋರ್‌ವೀಲಿನ ಲೋ ರೇಂಜ್ 2.5 ಪಟ್ಟು, ಎಕ್ಸಲ್ಲಿನ ಕ್ರೌನ್ ಪಿನಿಯನ್ (ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಸಣ್ಣದು) 5 ಪಟ್ಟು. ಗುಣಿಸಿದರೆ 6000. ಸಣ್ಣ ಇಂಜಿನ್ನಿಗೇ ಇಷ್ಟು. ಆದರೆ ಅಷ್ಟೂ ಶಾಫ್ಟಿಗೆ ಬರುವುದಿಲ್ಲ, ಯಾಕೆಂದರೆ ಅದಕ್ಕೂ ಮೊದಲೇ ಟೈರ್ ಜಾರುತ್ತದೆ. ಏರಿನಲ್ಲಿ ಹಿಂದಿನ ಎಕ್ಸಲ್ ಮೇಲೆ 1000 ಕೆಜಿ, ಗಟ್ಟಿ ನೆಲದ ಹಿಡಿತ 0.8, 31 ಇಂಚಿನ ಟೈರಿನ ಅರ್ಧ ವ್ಯಾಸ ಹತ್ತಿರ ಹತ್ತಿರ 0.39 ಮೀಟರ್. ಆಗ ಎಕ್ಸಲ್ಲಿಗೆ ಬರುವುದು ಸುಮಾರು 3100. ಎರಡು ಗಾಲಿಗೆ ಶಕ್ತಿ ಹಂಚುವ ಸಾದಾ ಡಿಫರೆನ್ಷಿಯಲ್ ಇದ್ದರೆ ಅದು ಎರಡು ಶಾಫ್ಟಿಗೆ ಸಮ ಹಂಚಿಕೆ, ಒಂದೊಂದಕ್ಕೆ 1550. ಜಾರುವ ಟೈರ್ ನಿಮಗೆ ಫ್ಯೂಸ್ ಇದ್ದ ಹಾಗೆ.

ಲಾಕರ್ ಹಾಕಿದಿರಿ, ಒಂದು ಗಾಲಿ ಗಾಳಿಯಲ್ಲಿ ನಿಂತಿತು ಅಂದುಕೊಳ್ಳಿ. ಹಿಂದಿನ ಭಾರ ಎಲ್ಲ ನೆಲದಲ್ಲಿರುವ ಒಂದೇ ಗಾಲಿಗೆ, 3100 ಪೂರ್ತಿ ಒಂದೇ ಶಾಫ್ಟಿಗೆ. ಒಂದೇ ಏಟಿಗೆ ದುಪ್ಪಟ್ಟು! ಲಾಕರ್ ಹಾಕಿದ ಮೇಲೆ ಶಾಫ್ಟ್ ಹೋಯಿತು ಅಂತ ಗ್ಯಾರೇಜಿಗೆ ಬರುವವರ ಕಥೆ ಇದೇ. ಅದರ ಮೇಲೆ 33 ಟೈರ್ ಹಾಕಿದರೆ ಇನ್ನೂ ಶೇಕಡಾ 6ರಷ್ಟು ಜಾಸ್ತಿ, ಟೈರಿನ ತೂಕ ಬೇರೆ.

ಎಲ್ಲಕ್ಕಿಂತ ಕೆಟ್ಟದ್ದು ಜರ್ಕ್. ಎರೆ ರಾಡಿಯಲ್ಲಿ ಗಾಲಿ ಗಿರ್ರನೆ ತಿರುಗುತ್ತಿರುತ್ತದೆ, ನೀವು ಆಕ್ಸಿಲರೇಟರ್ ತುಳಿದೇ ಇರುತ್ತೀರಿ, ಕೆಳಗೆ ಒಂದು ಕಲ್ಲು ಸಿಕ್ಕು ಗಾಲಿ ಗಕ್ಕನೆ ಕಚ್ಚುತ್ತದೆ. ಆಗ ಮೇಲಿನ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಗಾಲಿ ತಿರುಗತೊಡಗಿದರೆ ಕಾಲು ತೆಗೆಯಿರಿ, ಬಿಟ್ಟಿ ರಿಪೇರಿ ಅದು.

ಹಾವೇರಿ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜ್

ನಾನು ಒಪ್ಪಲ್ಲ ಅಣ್ಣ. ಹಳೆ ಟೇಪರ್ ಶಾಫ್ಟಿಗೆ ದುಡ್ಡು ಸುರಿಯುವ ಬದಲು ಬೊಲೆರೊ ಎಕ್ಸಲ್ ಹಾಕಿದರೆ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಅದೂ ಪಾಟಾ (ಲೀಫ್ ಸ್ಪ್ರಿಂಗ್) ಮೇಲೆ ಕೂರುವ ಎಕ್ಸಲ್ಲೇ, ನಾನು ಹಾಕಿದ್ದೇನೆ.

ಮಿಸ್ತ್ರಿ

ಬಿಡಿಭಾಗದ ಮಾತು ನೂರಕ್ಕೆ ನೂರು ನಿಜ. ಅಮೆರಿಕದ ಎಕ್ಸಲ್ ತರಿಸಿ ಸೀಲ್ ಸಿಗದೆ ಮಳೆಗಾಲವಿಡೀ ಗಾಡಿ ನಿಲ್ಲಿಸಿಕೊಳ್ಳುವುದು ಯಾಕೆ? ಆದರೆ ಕೂರಿಸುವ ಮೊದಲು ನೋಡಬೇಕಾದ್ದು ನಿಮಗೂ ಗೊತ್ತು. ಹಳೆ ವಿಲ್ಲಿಸ್ ಜಾತಿಯ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ (ಮುಂದಿನ ಹಿಂದಿನ ಎಕ್ಸಲ್ಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಎಕ್ಸಲ್ಲಿಗೆ ಹೋಗುವ ಹಿಂದಿನ ಉದ್ದ ಶಾಫ್ಟ್ ಬಲಕ್ಕೆ ಸರಿದು ಬರುತ್ತದೆ, ಎಕ್ಸಲ್ಲಿನ ಗುಂಡೂ (ಕ್ರೌನ್ ಇರುವ ದುಂಡನೆಯ ಉಬ್ಬು) ಬಲಕ್ಕೇ ಇರುತ್ತದೆ. ನಡುವೆ ಗುಂಡು ಇರುವ ಎಕ್ಸಲ್ ಹಾಕಿದರೆ ಆ ಉದ್ದ ಶಾಫ್ಟ್ ಓರೆ ಓಡುತ್ತದೆ, ಅದರ ತುದಿಯ ಕೀಲಿನ ಯುಜೆ ಕ್ರಾಸ್ ತಿನ್ನುತ್ತದೆ. ಪಾಟಾ ಕುರ್ಚಿ ಹೊಸದಾಗಿ ವೆಲ್ಡ್ ಮಾಡುವಾಗ ಪಿನಿಯನ್ ಮೂಗಿನ ಕೋನ ತಪ್ಪಿದರೂ ಅದೇ ಗತಿ.

ಮುಂದಿನದು ಹಲ್ಲಿನ ಲೆಕ್ಕ. ಕ್ರೌನ್ 39, ಪಿನಿಯನ್ 8 ಇದ್ದರೆ 4.88. 43ಕ್ಕೆ 8 ಇದ್ದರೆ 5.38. 41ಕ್ಕೆ 10 ಅಂದರೆ 4.10. ಮುಂದಿನ ಎಕ್ಸಲ್ಲಿಗೆ ಒಂದು ಅನುಪಾತ, ಹಿಂದಿನದಕ್ಕೆ ಇನ್ನೊಂದು ಇದ್ದರೆ ಫೋರ್‌ವೀಲ್ ಹಾಕಿದ ಕೂಡಲೇ ಎರಡೂ ಜಗಳಕ್ಕೆ ಬೀಳುತ್ತವೆ. ರಾಡಿಯಲ್ಲಿ ಗೊತ್ತಾಗದು, ಗಟ್ಟಿ ರಸ್ತೆಯಲ್ಲಿ ಟ್ರಾನ್ಸ್‌ಫರ್ ಕೇಸ್ ಹೋಗುತ್ತದೆ. ಇಂಥ ಒಂದು ಗಾಡಿ ನನ್ನ ಗ್ಯಾರೇಜಿಗೆ ಬಂದಿತ್ತು, ಹಾಕಿದವರು ಹಲ್ಲು ಎಣಿಸಿಯೇ ಇರಲಿಲ್ಲ. ಇನ್ನೊಂದು ಮಾತು, ದೊಡ್ಡ ಟೈರಿಗೆ ಅಂತ ಅನುಪಾತ ಏರಿಸುತ್ತಾ ಹೋದರೆ ಪಿನಿಯನ್ ಸಣ್ಣದಾಗುತ್ತದೆ, ಹಲ್ಲು ಕಡಿಮೆಯಾಗುತ್ತದೆ, ಪಿನಿಯನ್ ಬಲ ತಗ್ಗುತ್ತದೆ.

ಡಾನಾ 60 ಬಗ್ಗೆ: ಅದರ ಕ್ರೌನ್ 9.75 ಇಂಚು, ಡಾನಾ 44ರದು 8.5 ಇಂಚು. ಗಟ್ಟಿಯೇ, ಅನುಮಾನವಿಲ್ಲ. ಆದರೆ ನಮ್ಮ ಎರೆ ದಾರಿಯಲ್ಲಿ ಚಕ್ಕಡಿ ಜಾಡಿನ ನಡುವೆ ದಿಬ್ಬ ಇರುತ್ತದಲ್ಲ, ಆ ದೊಡ್ಡ ಗುಂಡು ಅದರಲ್ಲಿ ನೇಗಿಲಿನ ಹಾಗೆ ಇಳಿಯುತ್ತದೆ. ಹೊಲಕ್ಕೆ ಹೋಗುವ ಸಣ್ಣ ಜೀಪಿಗೆ ಅಷ್ಟು ಭಾರ ಬೇಡ.

ಗದಗದಿಂದ

2016ರ ಥಾರ್, ಹಿಂದೆ ಕಂಪನಿಯದೇ ಮೆಕ್ಯಾನಿಕಲ್ ಲಾಕಿಂಗ್ ಇದೆ. ಹಳ್ಳ ದಾಟಿದ ಮೇಲೆ ಎಕ್ಸಲ್ ಎಣ್ಣೆ ಹಾಲು ಚಹಾದ ಹಾಗೆ ಆಗಿದೆ. ಸೀಲ್ ಹೋಯಿತಾ? ಕಪ್ಪತಗುಡ್ಡದ ಕಡೆ ಹೋಗೋಣ ಅಂತಿದ್ದೆವು.

ಮಿಸ್ತ್ರಿ

ಮೊದಲು ಬ್ರೀದರ್ ನೋಡಿ, ಹೌಸಿಂಗ್ ಮೇಲಿನ ಸಣ್ಣ ಉಸಿರು ನಳಿಗೆ. ಮಣ್ಣು ಮೆತ್ತಿ ಮುಚ್ಚಿರುತ್ತದೆ. ಬಿಸಿ ಎಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಪೂರ್ತಿ ತೆಗೆಸಿ, ನಳಿಗೆಗೆ ರಬ್ಬರ್ ಪೈಪ್ ಹಾಕಿ ಬಾಡಿ ಎತ್ತರಕ್ಕೆ ಕಟ್ಟಿ. ಹೊಸ ಎಣ್ಣೆ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಹಾಕಿ. ಕಪ್ಪತಗುಡ್ಡ ವನ್ಯಜೀವಿ ಧಾಮ, ಅಲ್ಲಿ ಆಟ ಬೇಡ.

ಕುಂದಗೋಳ

ಹಾಗಾದರೆ ನಾನು ಏನು ಮಾಡಲಿ?

ಮಿಸ್ತ್ರಿ

ನಿಮ್ಮ ಹೌಸಿಂಗ್ ನೆಟ್ಟಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ಒಳ್ಳೆಯ ಶಾಫ್ಟ್, ಹೊಸ ಬೇರಿಂಗ್, ಸೀಲ್. ಟೈರ್ 31ರಲ್ಲೇ ನಿಲ್ಲಿಸಿ, ಲಾಕರ್ ಸದ್ಯಕ್ಕೆ ಬೇಡ. ಮುಂದೆ ಲಾಕರ್ ಬೇಕೇ ಬೇಕು ಅಂದರೆ ಅದರ ಜೊತೆಗೇ ದಪ್ಪ ಶಾಫ್ಟ್. ತಿರುಚುವ ಬಲ ತಾಳುವುದು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 30 ಸ್ಪ್ಲೈನಿನ 1.31 ಇಂಚಿನ ಶಾಫ್ಟಿಗಿಂತ 35 ಸ್ಪ್ಲೈನಿನ 1.5 ಇಂಚಿನದು ಒಂದೂವರೆ ಪಟ್ಟು ಗಟ್ಟಿ. ಎಕ್ಸಲ್ಲೇ ಬದಲಿಸುವುದಾದರೆ ಮೊದಲು ಆರ್‌ಟಿಓದಲ್ಲಿ ಕೇಳಿ, ಗಾಡಿಯಲ್ಲಿ ಬದಲಾವಣೆ ಮಾಡುವ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ.

ಇವತ್ತು ಒಂದು ಕೆಲಸ ಮಾಡಿ. ಬಲಗಡೆಯ ಹಬ್ ಎಳೆಸಿ ಶಾಫ್ಟ್ ತುದಿ ಒರೆಸಿ, ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಪೂರ್ತಿ ಒರೆಸಿ ಒಣಗಿಸಿ, ಶಾಲೆಯ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ.

ಕುಂದಗೋಳ

ಮಾಡಿದೆ ಅಣ್ಣಾ. ಬಲಗಡೆಯ ನಟ್ ಕೂಡ ಸಡಿಲ ಇತ್ತು. ಕೀ ತೋಡಿನ ಮೂಲೆಯಿಂದ ಕೂದಲಿನಷ್ಟು ತೆಳು ಗೆರೆ, ಬೆರಳಿನ ಅರ್ಧ ಅಗಲ ಉದ್ದ. ಫೋಟೋ ಹಾಕಿದ್ದೇನೆ.

ಮಿಸ್ತ್ರಿ

ಅದನ್ನು ವಾಪಸ್ ಹಾಕಲೇಬೇಡಿ. ಎರಡೂ ಶಾಫ್ಟ್ ಹೊಸದು, ಜೊತೆಗೆ ಎರಡೂ ಹಬ್ ತಗೊಂಡು ಬನ್ನಿ, ಟೇಪರ್ ಕೂರುತ್ತದಾ ಅಂತ ನೀಲಿ ಬಣ್ಣ ಹಚ್ಚಿ ನೋಡೋಣ. ನಟ್ ನಾನೇ ಟಾರ್ಕ್ ರೆಂಚ್ ಹಿಡಿದು ಬಿಗಿಯುತ್ತೇನೆ.