ಪಾರ್ಥಿಯಾದ ಒಂದು ಬೆಳ್ಳಿ ನಾಣ್ಯ ಕೈಗೆ ಬಂದಿದೆ, ಮುಂದೇನು? ಬಲ್ಲವರ ಅನುಭವ ಬೇಕು

ಕೋರಿಕೆ: ಲಂಡನ್‌ನಿಂದ, ಊರು ಹಾಸನ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಇಲ್ಲಿನ ನಾಣ್ಯ ಮೇಳವೊಂದರಲ್ಲಿ 85 ಪೌಂಡ್ ಕೊಟ್ಟು ಒಂದು ಹಳೆಯ ಬೆಳ್ಳಿ ನಾಣ್ಯ ಕೊಂಡೆ. ಜೊತೆಗಿದ್ದ ಚೀಟಿಯಲ್ಲಿ ‘ಪಾರ್ಥಿಯಾ, ದ್ರಾಕ್ಮಾ’ ಎಂದಷ್ಟೇ ಇದೆ, ರಾಜನ ಹೆಸರಿಲ್ಲ. ಪಾರ್ಥಿಯಾ ಎಂದರೆ ಇರಾನಿನ ಕಡೆಯ ಹಳೆಯ ಸಾಮ್ರಾಜ್ಯ, ದ್ರಾಕ್ಮಾ ಎಂದರೆ ಗ್ರೀಕ್ ಮೂಲದ ಬೆಳ್ಳಿ ನಾಣ್ಯ ಎಂಬಷ್ಟೇ ಗೊತ್ತು. ಒಂದು ಬದಿಯಲ್ಲಿ ಎಡಕ್ಕೆ ಮುಖ ಮಾಡಿದ ಗಡ್ಡದ ರಾಜ. ಅವನ ಹಣೆಯ ಮೇಲೆ ಒಂದು ಗುಳ್ಳೆ, ತಲೆಯ ಹಿಂದೆ ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡ ಹಕ್ಕಿ. ಇನ್ನೊಂದು ಬದಿಯಲ್ಲಿ ಬಿಲ್ಲು ಹಿಡಿದು ಕುಳಿತ ವ್ಯಕ್ತಿ, ಅವನ ಸುತ್ತ ಚೌಕಟ್ಟಿನಂತೆ ಗ್ರೀಕ್ ಅಕ್ಷರಗಳು. ಎರಡು ಸಾವಿರ ವರ್ಷ ಹಳೆಯದು ಎಂದರು. ಅಂದಿನಿಂದ ರಾತ್ರಿ ಊಟವಾದ ಮೇಲೆ ಅದನ್ನು ದೀಪದ ಕೆಳಗೆ ಹಿಡಿದು ನೋಡುವುದೇ ಕೆಲಸವಾಗಿದೆ.

ಪಾರ್ಥಿಯಾ, ಕುಷಾಣ, ಚೀನಾ ಹೀಗೆ ಏಷ್ಯಾದ ಹಳೆಯ ನಾಣ್ಯಗಳನ್ನು ಕ್ರಮವಾಗಿ ಸಂಗ್ರಹಿಸುವ ಆಸೆ ಹುಟ್ಟಿದೆ. ಎಲ್ಲಿಂದ ಆರಂಭಿಸಲಿ? ನಕಲಿಯನ್ನು ಹೇಗೆ ಗುರುತಿಸಲಿ? ಮುಂದೆ ಊರಿಗೆ ಮರಳಿದಾಗ ಇವನ್ನು ತರಬಹುದೇ?

ಮ್ಯೂನಿಕ್‌ನಿಂದ, ಊರು ಮೈಸೂರು

ನಿಮ್ಮ ವಿವರಣೆ ಓದಿದ ಕೂಡಲೇ ಯಾರೆಂದು ತಿಳಿಯಿತು. ಆ ಹಕ್ಕಿ ಹದ್ದು, ಕೊಕ್ಕಿನಲ್ಲಿರುವುದು ಮಾಲೆ. ರಾಜ ನಾಲ್ಕನೆಯ ಫ್ರಾಟೀಸ್, ಕ್ರಿ.ಪೂ. 38ರ ಸುಮಾರಿನಿಂದ ಕ್ರಿ.ಪೂ. 2ರವರೆಗೆ ಆಳಿದವನು. ಕ್ರಿ.ಪೂ. 53ರಲ್ಲಿ ಕಾರ್ಹೆಯ ಯುದ್ಧದಲ್ಲಿ ಪಾರ್ಥಿಯನ್ನರು ರೋಮಿನ ಸೇನಾಪತಿ ಕ್ರಾಸಸ್‌ನ ಸೈನ್ಯವನ್ನು ಅಳಿಸಿಹಾಕಿ ಅದರ ಧ್ವಜಗಳನ್ನು ಕಿತ್ತುಕೊಂಡಿದ್ದರಲ್ಲ, ಅವನ್ನು ಕ್ರಿ.ಪೂ. 20ರಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸ್‌ಗೆ ಮರಳಿಸಿದವನು ಇವನೇ. ಅಗಸ್ಟಸ್ ಇವನಿಗೆ ಮ್ಯೂಸಾ ಎಂಬ ಇಟಲಿಯ ದಾಸಿಯನ್ನು ಕಳುಹಿಸಿದ. ಅವಳು ರಾಣಿಯಾಗಿ, ಕೊನೆಗೆ ತನ್ನ ಮಗನೊಂದಿಗೆ ಸೇರಿ ಇವನನ್ನೇ ಕೊಲ್ಲಿಸಿದಳೆಂದು ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಮುಂದಿನ ನಾಣ್ಯಗಳಲ್ಲಿ ಒಂದು ಬದಿಗೆ ಮಗನೂ ಇನ್ನೊಂದು ಬದಿಗೆ ಮ್ಯೂಸಾಳೂ ಇದ್ದಾರೆ. ಅದು ಸಿಗುವುದು ಕಷ್ಟ, ಬೆಲೆಯೂ ಹೆಚ್ಚು. ಹದಿನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ, ಇನ್ನೂ ನನ್ನ ಬಳಿ ಇಲ್ಲ.

ಹಣೆಯ ಗುಳ್ಳೆ ಅಚ್ಚಿನ ದೋಷವಲ್ಲ, ಬೇಕೆಂದೇ ಕೆತ್ತಿದ್ದು. ಇವನ ತಂದೆ ಎರಡನೆಯ ಒರೋಡಿಸ್‌ನ ನಾಣ್ಯದಲ್ಲೂ ಅದು ಕಾಣುತ್ತದೆ. ಹಾಗಾಗಿ ಗುಳ್ಳೆಯೊಂದನ್ನೇ ನೋಡಿ ರಾಜನನ್ನು ನಿರ್ಧರಿಸಬೇಡಿ.

ಪಾರ್ಥಿಯಾದ ನಾಣ್ಯಗಳ ಕಷ್ಟವೂ ಸೊಗಸೂ ಇರುವುದು ಇಲ್ಲಿಯೇ. ಕ್ರಿ.ಪೂ. 247ರ ಸುಮಾರಿಗೆ ಆರಂಭವಾಗಿ ಕ್ರಿ.ಶ. 224ರವರೆಗೆ ನಡೆದ ಈ ವಂಶದ ಬಹುತೇಕ ಎಲ್ಲ ಅರಸರೂ ನಾಣ್ಯದ ಮೇಲೆ ತಮ್ಮನ್ನು ಕರೆದುಕೊಂಡದ್ದು ಮೂಲಪುರುಷನ ಹೆಸರಿನಿಂದ, ‘ಅರ್ಸಕ’ ಎಂದು. ನಿಮ್ಮ ನಾಣ್ಯದ ಚೌಕಟ್ಟಿನಲ್ಲಿರುವುದು ‘ರಾಜಾಧಿರಾಜ, ಅರ್ಸಕ, ಉಪಕಾರಿ, ನ್ಯಾಯವಂತ, ಪ್ರಕಟದೈವ, ಗ್ರೀಕರ ಗೆಳೆಯ’ ಎಂಬ ಬಿರುದಾವಳಿ. ಫ್ರಾಟೀಸ್ ಎಂಬ ಹೆಸರು ಎಲ್ಲೂ ಇಲ್ಲ. ಕಿರೀಟದ ಆಕಾರ, ಗಡ್ಡದ ಕತ್ತರಿಕೆ, ಕೊರಳಿನ ಪಟ್ಟಿ, ತಲೆಯ ಹಿಂದಿನ ಚಂದ್ರ, ನಕ್ಷತ್ರ, ಹದ್ದು ಇವುಗಳಿಂದಲೇ ರಾಜನನ್ನು ಹಿಡಿಯಬೇಕು. ಇದನ್ನೆಲ್ಲ ವಿಂಗಡಿಸಿ ಸಂಖ್ಯೆ ಕೊಟ್ಟವರು ಡೇವಿಡ್ ಸೆಲ್‌ವುಡ್. 1971ರಲ್ಲಿ ಅವರ ಪಟ್ಟಿ ಬಂತು, 1980ರಲ್ಲಿ ಪರಿಷ್ಕೃತ ಆವೃತ್ತಿ. ಇಂದಿಗೂ ಹರಾಜಿನ ಪಟ್ಟಿಗಳಲ್ಲಿ ‘ಸೆಲ್‌ವುಡ್ ಇಷ್ಟು’ ಎಂದೇ ನಮೂದಿಸುತ್ತಾರೆ. ಮುಂದಿನ ನಾಣ್ಯಕ್ಕೆ ಕೂಡಿಟ್ಟ ಹಣದಲ್ಲಿ ಮೊದಲು ಆ ಪುಸ್ತಕ ಕೊಳ್ಳಿ.

ಬಿಲ್ಲಿನ ಕೆಳಗೆ ಅಕ್ಷರಗಳನ್ನು ಹೆಣೆದಂತಿರುವ ಒಂದು ಗುರುತು ಇರುತ್ತದೆ. ಅದು ಟಂಕಸಾಲೆಯ ಮುದ್ರೆ. ಎಕ್ಬಟಾನಾ ಎಂದರೆ ಇಂದಿನ ಹಮದಾನ್, ರಾಗೇ ಎಂದರೆ ಟೆಹರಾನಿನ ಪಕ್ಕದ ರೇ, ಮಿಥ್ರದತ್‌ಕರ್ತ್ ಎಂದರೆ ತುರ್ಕಮೆನಿಸ್ತಾನದ ನಿಸಾ. ಎಲ್ಲ ರಾಜರ ಒಂದೊಂದು ನಾಣ್ಯ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾನೂ ಮೊದಲ ವರ್ಷ ಹನ್ನೊಂದು ರಾಜರನ್ನು ಕೊಂಡೆ. ಚೀಟಿ ತೆಗೆದರೆ ನಾಲ್ವರನ್ನು ಗುರುತಿಸಲೂ ಆಗುತ್ತಿರಲಿಲ್ಲ. ಆಮೇಲೆ ಒರೋಡಿಸ್ ಒಬ್ಬನನ್ನೇ ಹಿಡಿದು, ಅವನ ಒಂದೊಂದು ಟಂಕಸಾಲೆಯ ನಾಣ್ಯವನ್ನೂ ಹುಡುಕತೊಡಗಿದೆ. ಕಣ್ಣು ಪಳಗಿದ್ದು ಅಲ್ಲಿಯೇ. ನೀವು ಫ್ರಾಟೀಸ್‌ನನ್ನೇ ಹಿಡಿದುಕೊಳ್ಳಿ.

ಇನ್ನೊಂದು ಮಾತು. ಕಾಲ ಕಳೆದಂತೆ ಈ ನಾಣ್ಯಗಳ ಗ್ರೀಕ್ ಕೆಡುತ್ತಾ ಹೋಗುತ್ತದೆ. ಕ್ರಿ.ಶ. ಮೊದಲ ಶತಮಾನದ ಹೊತ್ತಿಗೆ ಅಕ್ಷರದ ಬದಲು ಬರೀ ಗೆರೆಗಳು ಉಳಿಯುತ್ತವೆ. ಕೆತ್ತುವವನಿಗೇ ಗ್ರೀಕ್ ಬರುತ್ತಿರಲಿಲ್ಲ. ಅಕ್ಷರ ಓದಲಾಗುವುದಿಲ್ಲ ಎಂದು ಅಂಥ ನಾಣ್ಯವನ್ನು ನಕಲಿ ಎನ್ನಬೇಡಿ. ಟೈಗ್ರಿಸ್ ದಂಡೆಯ ಸೆಲ್ಯೂಸಿಯಾದಲ್ಲಿ ಅಚ್ಚಾದ ನಾಲ್ಕು ದ್ರಾಕ್ಮಾಗಳ ದೊಡ್ಡ ನಾಣ್ಯಗಳ ಕಥೆ ಬೇರೆ. ಅವುಗಳಲ್ಲಿ ಎಷ್ಟೋ ಇಸವಿಯನ್ನೇ ಹೊತ್ತಿವೆ. ಗ್ರೀಕರಿಗೆ ಅಕ್ಷರಗಳೇ ಅಂಕೆಗಳು: ತೌ ಎಂದರೆ 300, ನ್ಯೂ 50, ಜೀಟಾ 7. ಒಟ್ಟು 357. ಇದು ಕ್ರಿ.ಪೂ. 312ರಿಂದ ಎಣಿಸುವ, ಅಲೆಕ್ಸಾಂಡರನ ನಂತರ ಅಲ್ಲಿ ಆಳಿದ ಗ್ರೀಕ್ ವಂಶದ ಸೆಲ್ಯೂಕಿಡ್ ಶಕೆ, ಅಂದರೆ ಕ್ರಿ.ಶ. 45-46, ಎರಡನೆಯ ಗೊಟಾರ್ಜೀಸ್‌ನ ಕಾಲ. ಮೊದಲ ಸಲ ಆ ಲೆಕ್ಕ ನಾನೇ ಬಿಡಿಸಿದ ರಾತ್ರಿ ನಿದ್ದೆ ಬರಲಿಲ್ಲ.

ಧಾರವಾಡದಿಂದ, ನಿವೃತ್ತ ಇತಿಹಾಸ ಅಧ್ಯಾಪಕಿ

ಮ್ಯೂನಿಕ್‌ನ ಸಹೋದರರು ಹೇಳಿದ್ದು ಸರಿ. ಆದರೆ ಪಾರ್ಥಿಯಾ ನಮಗೆ ದೂರದ್ದು ಎಂಬ ಭಾವನೆ ಬೇಡ. ನಮ್ಮ ಶಾಸನಗಳ ‘ಪಹ್ಲವ’ರು ಇವರೇ. ನಾಸಿಕದ ಗುಹಾಶಾಸನ ಗೌತಮೀಪುತ್ರ ಶಾತಕರ್ಣಿಯನ್ನು ಶಕ, ಯವನ, ಪಹ್ಲವರನ್ನು ಅಳಿಸಿದವನೆಂದು ಹೊಗಳುತ್ತದೆ. ಗಿರಿನಾರದ ಬಂಡೆಯ ಮೇಲೆ ರುದ್ರದಾಮನ್ ಕ್ರಿ.ಶ. 150ರ ಸುಮಾರಿಗೆ ಬರೆಸಿದ ಸಂಸ್ಕೃತ ಶಾಸನದಲ್ಲಿ, ಒಡೆದ ಸುದರ್ಶನ ಕೆರೆಯನ್ನು ಮತ್ತೆ ಕಟ್ಟಿಸಿದ ಅಧಿಕಾರಿ ಸುವಿಶಾಖ, ಅವನೊಬ್ಬ ಪಹ್ಲವ. ತಕ್ಷಶಿಲೆಯ ಕಡೆ ಆಳಿದ ಪಹ್ಲವ ಅರಸ ಗೊಂಡೋಫರೀಸ್‌ನ ನಾಣ್ಯಗಳಲ್ಲಿ ಒಂದು ಬದಿ ಗ್ರೀಕ್, ಇನ್ನೊಂದು ಬದಿ ಖರೋಷ್ಠಿ ಲಿಪಿ. ‘ದ್ರಾಕ್ಮಾ’ ಎಂಬ ಪದವೇ ನಮ್ಮಲ್ಲಿ ‘ದ್ರಮ್ಮ’ವಾಯಿತು.

ನನ್ನ ಸಲಹೆ ಬೇರೆ. ಕನ್ನಡ ಓದುವವರು ಗುಜರಾತ್, ಮಾಳವದ ಕಡೆ ಆಳಿದ ಶಕ ಅರಸರಾದ ಪಶ್ಚಿಮ ಕ್ಷತ್ರಪರ ನಾಣ್ಯಗಳಿಂದ ಕಲಿಕೆ ಆರಂಭಿಸಿದರೆ ಬೇಗ ಹಿಡಿತ ಸಿಗುತ್ತದೆ. ಎರಡು ಗ್ರಾಂ ತೂಕದ ಪುಟ್ಟ ಬೆಳ್ಳಿ ನಾಣ್ಯ. ಮುಂದೆ ರಾಜನ ಮುಖ, ಅದರ ಹಿಂದೆ ಶಕವರ್ಷ. ಹಿಂಬದಿಯಲ್ಲಿ ಮೂರು ಕಮಾನಿನ ಬೆಟ್ಟ, ಚಂದ್ರ, ಸೂರ್ಯ, ಸುತ್ತ ಬ್ರಾಹ್ಮಿ. ‘ರಾಜ್ಞೋ ಮಹಾಕ್ಷತ್ರಪಸ ರುದ್ರಸಿಂಹಪುತ್ರಸ ರಾಜ್ಞೋ ಮಹಾಕ್ಷತ್ರಪಸ ರುದ್ರಸೇನಸ’ ಎಂದು ತಂದೆಯ ಹೆಸರೂ ಮಗನ ಹೆಸರೂ ಅದರಲ್ಲೇ ಇರುತ್ತವೆ. ಪಾರ್ಥಿಯನ್ನರು ಮುಚ್ಚಿಟ್ಟದ್ದನ್ನು ಇವರು ಬಿಚ್ಚಿ ಹೇಳಿದ್ದಾರೆ. ನಮ್ಮ ಲಿಪಿ ಹುಟ್ಟಿದ್ದೇ ಬ್ರಾಹ್ಮಿಯಿಂದ. ಒಂದು ತಿಂಗಳು ಕುಳಿತರೆ ಅಕ್ಷರಗಳು ಗುರುತಿಗೆ ಬರುತ್ತವೆ. ಇದೇ ಶಕವರ್ಷದ ಲೆಕ್ಕದಲ್ಲಿಯೇ ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು 465 ಎಂದು ಕೆತ್ತಿಸಿದ್ದಾನೆ.

1906ರಲ್ಲಿ ನಾಸಿಕದ ಬಳಿಯ ಜೋಗಲ್‌ತೆಂಬಿಯಲ್ಲಿ ಕ್ಷತ್ರಪ ಅರಸ ನಹಪಾನನ ಹದಿಮೂರು ಸಾವಿರಕ್ಕೂ ಹೆಚ್ಚು ನಾಣ್ಯಗಳು ಸಿಕ್ಕವು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದಾನೆ. ಸೋತವನ ಮುಖದ ಮೇಲೆ ಗೆದ್ದವನ ಗುರುತು. ಅಂಥ ಒಂದು ನಾಣ್ಯವನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದ ದಿನ ಮಕ್ಕಳಲ್ಲಿ ಒಬ್ಬರೂ ಗಂಟೆ ಹೊಡೆದದ್ದನ್ನು ಗಮನಿಸಲಿಲ್ಲ.

ಉಡುಪಿಯಿಂದ, ಅಕ್ಕಸಾಲಿ

ಇತಿಹಾಸ ನನಗೆ ಅಷ್ಟು ತಿಳಿಯದು. ಲೋಹ ತಿಳಿಯುತ್ತದೆ. ನಾಣ್ಯ ಸಂಗ್ರಹಿಸುವವರು ಪರೀಕ್ಷೆಗೆಂದು ನನ್ನಲ್ಲಿಗೆ ತರುತ್ತಾರೆ.

ಮೊದಲನೆಯದಾಗಿ, ನಾದ ಕೇಳಲು ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಬೇಡಿ. ಶತಮಾನಗಟ್ಟಲೆ ಮಣ್ಣಿನಲ್ಲಿದ್ದ ಬೆಳ್ಳಿ ಒಳಗೇ ಹರಳುಗಟ್ಟಿ ಬಿಸ್ಕತ್ತಿನಂತಾಗಿರುತ್ತದೆ. ಪಾರ್ಥಿಯನ್ನರ ನಂತರ ಇರಾನ್ ಆಳಿದ ಸಸಾನಿಯನ್ನರ ಅಗಲವಾದ ತೆಳು ನಾಣ್ಯವೊಂದನ್ನು ಅದರ ಮಾಲೀಕರು ನನ್ನ ಅಂಗಡಿಯ ನೆಲಕ್ಕೇ ಬೀಳಿಸಿದರು. ಮೂರು ತುಂಡಾಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೊದಲು ನಾಣ್ಯವನ್ನು ಹಾಗೆಯೇ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸಿದ್ದರಿಂದ ಮೊದಲ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶುದ್ಧ ಬೆಳ್ಳಿಗೆ 10.5, ತಾಮ್ರಕ್ಕೆ 9ರ ಹತ್ತಿರ. 3.80 ಗ್ರಾಂ ನಾಣ್ಯವಾದರೆ ನೀರಿನಲ್ಲಿ 0.37ರ ಆಸುಪಾಸು ಬರಬೇಕು. 0.42 ಬಂದರೆ ತಾಮ್ರಕ್ಕೆ ಬೆಳ್ಳಿಯ ಲೇಪ ಇದೆಯೇ ಎಂದು ಅನುಮಾನಿಸಿ. ಆದರೆ ಇವತ್ತು ಒಳ್ಳೆಯ ಬೆಳ್ಳಿಯಲ್ಲೇ ನಕಲಿ ಮಾಡುವವರಿದ್ದಾರೆ. ಅದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದಕ್ಕೇ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಆ ಕಾಲದ ಬೆಳ್ಳಿ ನಾಣ್ಯ ಸುತ್ತಿಗೆಯ ಪೆಟ್ಟಿನಿಂದ ಆದದ್ದು, ಅಂಚಿನಲ್ಲಿ ಪೆಟ್ಟಿಗೆ ಸೀಳಿದ ಬಿರುಕು ಇರುತ್ತದೆ. ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ಸಣ್ಣ ಕೂಡುಗೆರೆ, ಮೈಮೇಲೆ ಗುಳ್ಳೆ ಒಡೆದಂಥ ಕುಳಿಗಳು, ಅಕ್ಷರಗಳು ಸೋಪು ಕರಗಿದಂತೆ ಮೊಂಡು.

ಹುಣಸೆಹಣ್ಣು, ನಿಂಬೆ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಹಚ್ಚಬೇಡಿ. ಪೂಜೆಯ ಪಾತ್ರೆ ಬೆಳಗಿದಂತೆ ನಾಣ್ಯ ಬೆಳಗಿ ತಂದವರನ್ನು ನೋಡಿದಾಗ ಸಂಕಟವಾಗುತ್ತದೆ. ಕಪ್ಪು ಹೊದಿಕೆ ಹೋದರೆ ಅರ್ಧ ಬೆಲೆಯೂ ಹೋಯಿತು, ಮರಳಿ ಬರುವುದಿಲ್ಲ. ತಾಮ್ರದ ನಾಣ್ಯದಲ್ಲಿ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಲೋಹವನ್ನು ತಿನ್ನುವ ರೋಗ. ಉಳಿದವುಗಳಿಂದ ಬೇರೆ ಇಡಿ, ಒಣಗಿದ ಜಾಗದಲ್ಲಿ ಇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಲ್ಲದೆ ಆಗುವುದೇ ಇಲ್ಲ. ಮೆತ್ತಗಿನ ಪಿವಿಸಿ ಲಕೋಟೆಗಳೂ ಬೇಡ; ಕೆಲವು ವರ್ಷದಲ್ಲಿ ನಾಣ್ಯಕ್ಕೆ ಅಂಟು ಬಿಡುತ್ತವೆ.

ಸಿಂಗಪುರದಿಂದ

ಅಕ್ಕಸಾಲಿಗಳು ಹೇಳಿದ ಎರಕದ ಮಾತಿಗೆ ಒಂದು ತಿದ್ದುಪಡಿ: ಚೀನಾಕ್ಕೆ ಅದು ಅನ್ವಯಿಸದು. ಚೌಕ ತೂತಿನ ಹಳೆಯ ಚೀನೀ ನಾಣ್ಯಗಳು ಬಹುತೇಕ ಎರಕದವೇ. ಕ್ರಿ.ಪೂ. 118ರಲ್ಲಿ ಬಂದ ವೂ ಝೂ ಎಂಬ ನಾಣ್ಯ ಏಳು ನೂರು ವರ್ಷಕ್ಕೂ ಹೆಚ್ಚು ನಡೆಯಿತು, ಕ್ರಿ.ಶ. 621ರಲ್ಲಿ ಕೈಯುವಾನ್ ಟೊಂಗ್‌ಬಾವೊ ಬಂತು. ಹತ್ತರಿಂದ ಹನ್ನೆರಡನೆಯ ಶತಮಾನದ ಉತ್ತರ ಸಾಂಗ್ ವಂಶದ ಕಾಲದವು ಈಗಲೂ ಒಂದು ಊಟದ ಬೆಲೆಗೆ ಸಿಗುತ್ತವೆ. ತಂಜಾವೂರು ಸೀಮೆಯಲ್ಲಿ ಚೀನೀ ನಾಣ್ಯಗಳ ನಿಧಿಗಳೇ ಸಿಕ್ಕಿವೆ. ಚೂರಿಯಾಕಾರದ, ಗುದ್ದಲಿಯಾಕಾರದ ನಾಣ್ಯಗಳನ್ನು ಮಾತ್ರ ಆರಂಭದಲ್ಲಿ ಮುಟ್ಟಬೇಡಿ, ನಕಲಿಗಳ ರಾಶಿಯೇ ಇದೆ. ಪ್ರವಾಸಿ ಅಂಗಡಿಯೊಂದರಲ್ಲಿ ನಾನು ಕೊಂಡ ಐದೂ ನಕಲಿಯೇ ಆಗಿದ್ದವು.

ಬೆಂಗಳೂರಿನಿಂದ, ವಕೀಲೆ

ಊರಿಗೆ ತರುವ ಪ್ರಶ್ನೆಗೆ ಉತ್ತರಿಸುತ್ತೇನೆ. ನಮ್ಮಲ್ಲಿ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ಇದೆ. ನೂರು ವರ್ಷ ದಾಟಿದ ನಾಣ್ಯ ಅದರ ಪ್ರಕಾರ ಪುರಾವಸ್ತು. ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಆದ್ದರಿಂದ ಒಮ್ಮೆ ಹಾಸನಕ್ಕೆ ತಂದ ನಾಣ್ಯ ಮತ್ತೆ ಲಂಡನ್‌ಗೆ ಹೋದೀತೆಂದು ಎಣಿಸಬೇಡಿ. ತರುವಾಗ ಖರೀದಿಯ ರಸೀದಿ ಇಟ್ಟುಕೊಂಡು ಕಸ್ಟಮ್ಸ್‌ನಲ್ಲಿ ಘೋಷಿಸಿ. ರಜೆಗೆ ಬಂದಾಗ ಯಾರಾದರೂ ‘ಹೊಲ ಉಳುವಾಗ ಸಿಕ್ಕಿತು’ ಎಂದು ನಾಣ್ಯ ತೋರಿಸಿದರೆ ಕೊಳ್ಳಬೇಡಿ. ನಿಧಿ ಕಾಯಿದೆಯಂತೆ ಅದನ್ನು ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಪಾರ್ಥಿಯಾದ ನಾಣ್ಯಕ್ಕೆ ಇನ್ನೊಂದು ಎಚ್ಚರಿಕೆ. ಸೆಲ್ಯೂಸಿಯಾ ಇರುವುದು ಇರಾಕಿನಲ್ಲಿ. 1990ರ ಆಗಸ್ಟ್ 6ರ ನಂತರ ಇರಾಕಿನಿಂದ ಅಕ್ರಮವಾಗಿ ಹೊರಬಿದ್ದ ಪುರಾವಸ್ತುಗಳ ವ್ಯಾಪಾರವನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2003ರಲ್ಲಿ ನಿರ್ಣಯ ಮಾಡಿದೆ. ‘ಇದು ಎಲ್ಲಿಂದ ಬಂತು, ಯಾವ ವರ್ಷದಿಂದ ಯಾರ ಬಳಿ ಇತ್ತು’ ಎಂದು ಬರಹದಲ್ಲಿ ಕೇಳಿ. ಕೋಪಿಸಿಕೊಳ್ಳುವ ವ್ಯಾಪಾರಿಯಿಂದ ಕೊಳ್ಳಬೇಡಿ.

ಟೊರಾಂಟೊದಿಂದ

ವಕೀಲರ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ಕುಷಾಣರ ತಾಮ್ರದ ನಾಣ್ಯಗಳೆಂದರೆ ನನಗೆ ಪ್ರಾಣ. ಕನಿಷ್ಕನ ಉದ್ದನೆಯ ಅಂಗಿ, ಅಗ್ನಿಪೀಠದತ್ತ ಚಾಚಿದ ಕೈ, ಹಿಂಬದಿಯಲ್ಲಿ ಒಮ್ಮೆ ಶಿವನನ್ನು ಹೋಲುವ ಓಯೆಶೋ, ಒಮ್ಮೆ ನನಾ ದೇವಿ, ಒಮ್ಮೆ ಚಂದ್ರದೇವ. ಒಂದೇ ನಾಡಿನಲ್ಲಿ ಇಷ್ಟು ದೇವರುಗಳು! ಹತ್ತು ವರ್ಷ ಅಗ್ಗವಾಗಿ ಸಿಕ್ಕಿದ್ದನ್ನೆಲ್ಲ ಕೊಂಡೆ. ಆಮೇಲೆ ಅಫ್ಘಾನಿಸ್ತಾನದ ಮೀರ್ ಝಕಾ ಬಗ್ಗೆ ಓದಿದೆ. 1990ರ ದಶಕದಲ್ಲಿ ಅಲ್ಲಿನ ಬಾವಿಯಿಂದ ಟನ್‌ಗಟ್ಟಲೆ ನಾಣ್ಯಗಳನ್ನು ಬಗೆದು ಪೇಶಾವರದ ಬಜಾರಿನಲ್ಲಿ ಮಾರಿದ್ದರು. ಯಾವುದು ಯಾವುದರ ಜೊತೆಗಿತ್ತು, ಯಾವ ಪದರದಲ್ಲಿತ್ತು ಎಂಬುದು ಇನ್ನು ಯಾರಿಗೂ ತಿಳಿಯದು. ನನ್ನ ಪೆಟ್ಟಿಗೆಯಲ್ಲಿರುವ ಎಷ್ಟು ನಾಣ್ಯಗಳು ಅಲ್ಲಿಯವೋ ಎಂದು ಆ ದಿನ ಬಹಳ ನೊಂದುಕೊಂಡೆ. ಈಗ ಹಳೆಯ ಸಂಗ್ರಹಗಳಿಂದ ಬಂದದ್ದಕ್ಕೆ ದಾಖಲೆ ಇದ್ದರೆ ಮಾತ್ರ ಕೊಳ್ಳುತ್ತೇನೆ. ವರ್ಷಕ್ಕೆ ಎರಡೋ ಮೂರೋ ಅಷ್ಟೇ.

ಲಂಡನ್‌ನಿಂದ, ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಕ್ಕಡಿಯಲ್ಲಿ ಪರೀಕ್ಷಿಸಿದೆ: ಹಾಗೆಯೇ 3.81, ನೀರಿನಲ್ಲಿ 0.37. ಅಂಚಿನಲ್ಲಿ ಎರಡು ಕಡೆ ಬಿರುಕು ಇದೆ, ಕೂಡುಗೆರೆ ಕಾಣಲಿಲ್ಲ. ಗ್ರೀಕ್ ಅಕ್ಷರಮಾಲೆಯನ್ನು ಪಕ್ಕದಲ್ಲಿಟ್ಟುಕೊಂಡು ಬಲಬದಿಯ ಸಾಲನ್ನು ಬಿಡಿಸಿದೆ. ಮೊದಲ ಮೂರು ಅಕ್ಷರ ಸ್ಪಷ್ಟ: ಆಲ್ಫಾ, ರೋ, ಸಿಗ್ಮಾ. ಅರ್ಸ... ಕೈ ನಡುಗಿತು. ವ್ಯಾಪಾರಿಗೂ ಬರೆದೆ. ಇದು 1987ರಲ್ಲಿ ಹರಾಜಾದ ಒಂದು ಹಳೆಯ ಸಂಗ್ರಹದ್ದಂತೆ. ಆಗಿನ ಕಾಗದದ ಲಕೋಟೆ ಅವರ ಬಳಿ ಇದೆ, ಬೇಕಾದರೆ ಕಳುಹಿಸುತ್ತೇವೆ ಎಂದಿದ್ದಾರೆ. ತರಿಸಿಕೊಳ್ಳಲೇ?

ಮ್ಯೂನಿಕ್‌ನಿಂದ

ಇವತ್ತೇ ತರಿಸಿಕೊಳ್ಳಿ. ಅದರ ಮೇಲಿನ ಕೈಬರಹ, ಬೆಲೆ, ಹರಾಜಿನ ಸಂಖ್ಯೆ ಎಲ್ಲದರ ಫೋಟೊ ತೆಗೆದಿಡಿ. ನಾಣ್ಯವನ್ನು ಮಾತ್ರ ಅದರೊಳಗೆ ಹಾಕಬೇಡಿ, ಹಳೆಯ ಕಾಗದದಲ್ಲಿ ಆಮ್ಲ ಇರುತ್ತದೆ. ಎರಡನ್ನೂ ಬೇರೆ ಬೇರೆ ಲಕೋಟೆಯಲ್ಲಿ ಒಂದೇ ಡಬ್ಬಿಯಲ್ಲಿಡಿ. ಬಿಲ್ಲಿನ ಕೆಳಗಿನ ಮುದ್ರೆಯ ಚಿತ್ರವನ್ನೂ ಕಳುಹಿಸಿ. ಯಾವ ಊರಿನ ಟಂಕಸಾಲೆ ಎಂದು ಒಟ್ಟಿಗೆ ನೋಡೋಣ.