ಹದಿಹರೆಯದ ಪಾಠಕ್ಕೆ ಆ್ಯಪ್: ಮಕ್ಕಳ ಕೈಗೇ ಕೊಡೋದಾ?

ಪ್ರಶ್ನೆ
ನಾನು ಎಂಟು, ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹದಿಹರೆಯದ ಬದಲಾವಣೆಗಳ ಪಾಠ ಬಂದರೆ ಸಾಕು, ಎಲ್ಲರೂ ತಲೆ ತಗ್ಗಿಸಿಬಿಡುತ್ತಾರೆ. ಈ ಸಲ ಮೊಬೈಲ್ ಆ್ಯಪ್ ಬಳಸೋಣ ಅಂತಿದ್ದೇನೆ. ಅವರಷ್ಟಕ್ಕೆ ಓದಿಕೊಳ್ಳಬಹುದು, ಅಲ್ವಾ? ಆದರೆ ಎಷ್ಟೋ ಮಕ್ಕಳಿಗೆ ಸ್ವಂತ ಫೋನ್ ಇಲ್ಲ. ಬಳಸಿ ನೋಡಿದವರು ಹೇಳಿ.

ಉತ್ತರ 1
ಮೇಡಂ, ನಾನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ಮುಟ್ಟಿನ ದಿನ ಲೆಕ್ಕ ಹಾಕುವ ಆ್ಯಪ್ ಒಂದನ್ನು ಹುಡುಗಿಯರಿಗೆ ಹೇಳಿದ್ದೆ. ಒಬ್ಬಳು ಅಪ್ಪನ ಫೋನಿಗೆ ಹಾಕಿಕೊಂಡಳು. ಒಂದು ರಾತ್ರಿ ‘ನಿಮ್ಮ ಮುಟ್ಟು 6 ದಿನ ತಡವಾಗಿದೆ’ ಅಂತ ಪರದೆ ಮೇಲೆ ಬಂತು. ಓದಿದ್ದು ಅಪ್ಪ. ಮರುದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ನೋಟ್‌ಬುಕ್ಕಿನ ಮೂಲೆ ಮಡಚುತ್ತಾ, “ನನಗೇನಾದ್ರೂ ಕಾಯಿಲೆನಾ ಮಿಸ್?” ಅಂದಳು.

ಕಾಯಿಲೆ ಏನೂ ಇರಲಿಲ್ಲ. ಆ ಆ್ಯಪ್ 28 ದಿನಕ್ಕೆ ಲೆಕ್ಕ ಹಾಕಿತ್ತು, ಅಷ್ಟೇ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ ಒಂದು ಮುಟ್ಟು ಶುರುವಾದ ದಿನದಿಂದ ಮುಂದಿನದಕ್ಕೆ ಇರುವ ಅಂತರ 21ರಿಂದ 45 ದಿನದವರೆಗೆ ಹೆಚ್ಚುಕಮ್ಮಿ ಆಗುವುದು ಸಹಜ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅವಳ ಮುಖ ಇನ್ನೂ ಕಣ್ಣಮುಂದಿದೆ.

ಈಗ ಮೊದಲು ಪಾಠ, ಆಮೇಲೆ ಆ್ಯಪ್. ನೋಟಿಫಿಕೇಶನ್ ಆಫ್ ಮಾಡುವುದನ್ನು ತರಗತಿಯಲ್ಲೇ ಮಾಡಿ ತೋರಿಸುತ್ತೇನೆ. ಯುನಿಸೆಫ್‌ನ ‘ಓಕಿ’ ನೋಡಿ. ಹುಡುಗಿಯರನ್ನೇ ಕೇಳಿ ಮಾಡಿದ್ದು, ಪಾಸ್‌ವರ್ಡ್ ಇದೆ, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಉತ್ತರ 2
ಹುಡುಗರನ್ನು ಮರೆಯಬೇಡಿ ಮೇಡಂ. ನಾನು ಆಟದ ಮೇಷ್ಟ್ರು. ಒಬ್ಬ ಹುಡುಗ ಎರಡು ತಿಂಗಳು ಜೆರ್ಸಿ ಹಾಕಲು ಒಪ್ಪಲೇ ಇಲ್ಲ. ಎದೆ ಸ್ವಲ್ಪ ಊದಿಕೊಂಡಿತ್ತು, ಅದೇ ಅವಮಾನ. ಈ ವಯಸ್ಸಲ್ಲಿ ತುಂಬಾ ಹುಡುಗರಿಗೆ ಹಾಗಾಗುತ್ತದೆ, ಸಾಮಾನ್ಯವಾಗಿ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ನಾನು ನೋಡಿದ ಆ್ಯಪ್‌ಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೊನೆಗೆ ಹೆಸರು ಬರೆಯದೆ ಚೀಟಿ ಹಾಕುವ ಡಬ್ಬಿ ಇಟ್ಟೆವು. ಮೊದಲ ವಾರವೇ ಮೂರು ಚೀಟಿಯಲ್ಲಿ ಇದೇ ಪ್ರಶ್ನೆ!

ಪ್ರಶ್ನೆ ಕೇಳಿದವರು
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಮಕ್ಕಳ ಫೋನಿಗೆ ಸದ್ಯಕ್ಕೆ ಏನೂ ಹಾಕಿಸುವುದಿಲ್ಲ. ಶಾಲೆಯ ಟ್ಯಾಬ್‌ನಲ್ಲಿ ನಾನೇ ತೋರಿಸುತ್ತೇನೆ, ಪಕ್ಕದಲ್ಲಿ ಡಬ್ಬಿ. ಸರ್, ಚೀಟಿಗೆ ಉತ್ತರ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿಯೇ ಹೇಳುತ್ತೀರಾ?

ಉತ್ತರ 2
ಮೊದಲ ಎರಡು ವಾರ ಬೇರೆ ಬೇರೆ ಕೂರಿಸಿದ್ದೆವು. ಆಮೇಲೆ ಒಟ್ಟಿಗೇ ಕೂತರು, ಯಾರೂ ತಲೆ ತಗ್ಗಿಸಲಿಲ್ಲ.